ಒಂದೇ ಪಕ್ಕ ಬಾಗಿಲಿರೋ ರೈಲು

ರೈಲು ಡಬ್ಬಿ ಅಂದ್ಮೇಲೆ ಎರಡೂ ಪಕ್ಕ ಬಾಗಿಲು ಇರಲೇಬೇಕು, ಅಲ್ವಾ? ಪ್ಲಾಟ್‌ಫಾರಂ ಯಾವ ಕಡೆ ಬರುತ್ತೋ ಯಾರಿಗೆ ಗೊತ್ತು! ಆದರೆ ವೇಲ್ಸ್‌ನ ಟ್ಯಾಲಿಲಿನ್ ರೈಲಿನಲ್ಲಿ ಹಾಗಲ್ಲ. ಅಲ್ಲಿ ಬಾಗಿಲು ಒಂದೇ ಪಕ್ಕ. ಇನ್ನೊಂದು ಪಕ್ಕದಿಂದ ಇಳೀತೀನಿ ಅಂದರೂ ಆಗೋದಿಲ್ಲ. ಇವತ್ತೂ ಹಾಗೇ ಇದೆ.

ಕಾರಣ ಕೇಳಿದರೆ ನಗು ಬರುತ್ತೆ. 1860ರ ದಶಕದಲ್ಲಿ ಆ ಪುಟ್ಟ ರೈಲುದಾರಿ ಕಟ್ಟಿ ಮುಗಿಸಿ, ಜನರನ್ನ ಕೂರಿಸಿಕೊಂಡು ಹೋಗೋಕೆ ಒಪ್ಪಿಗೆ ಕೊಡಿ ಅಂತ ಸರ್ಕಾರವನ್ನ ಕೇಳಿದರು. ಪರೀಕ್ಷೆಗೆ ಬಂದ ಕ್ಯಾಪ್ಟನ್ ಟೈಲರ್ ಅನ್ನೋ ಅಧಿಕಾರಿ ಸೇತುವೆಗಳ ಕೆಳಗೆ ಅಳತೆ ಹಿಡಿದು ನೋಡಿದರೆ, ಡಬ್ಬಿಗೂ ಸೇತುವೆ ಗೋಡೆಗೂ ನಡುವೆ ಎರಡಡಿ ಜಾಗವೂ ಇಲ್ಲ. ಬಾಗಿಲು ತೆಗೆದು ಯಾರಾದರೂ ಇಳಿಯೋ ಹಾಗಾದರೆ ಗತಿ ಏನು? ಸೇತುವೆ ಒಡೆದು ಮತ್ತೆ ಕಟ್ಟೋಕೆ ದುಡ್ಡು ಬೇಕಲ್ಲ. ಆಗ ಅವರು ಹೂಡಿದ ಉಪಾಯ ನೋಡಿ: ಒಂದು ಪಕ್ಕದ ಬಾಗಿಲುಗಳನ್ನ ಶಾಶ್ವತವಾಗಿ ಮುಚ್ಚಿಬಿಟ್ಟರು. ಸೇತುವೆ ಕೆಳಗೆ ಹಳಿಗಳನ್ನ ನಡುಮಧ್ಯದಿಂದ ಸರಿಸಿ ಮುಚ್ಚಿದ ಪಕ್ಕಕ್ಕೆ ಒತ್ತಿದರು. ಬಾಗಿಲಿರೋ ಪಕ್ಕಕ್ಕೆ ಬೇಕಾದಷ್ಟು ಜಾಗ ಸಿಕ್ಕಿತು. ಖರ್ಚಿಲ್ಲದ ಕೆಲಸ! ಪ್ಲಾಟ್‌ಫಾರಂಗಳೂ ಎಲ್ಲ ಅದೇ ಪಕ್ಕ. ನನಗಂತೂ ಈ ಉಪಾಯದ ಮೇಲೆ ಬಹಳ ಪ್ರೀತಿ. ಇದ್ದದ್ದರಲ್ಲೇ ಹೊಂದಿಸಿಕೊಂಡು ಹೋಗೋ ಬುದ್ಧಿ ಆ ರೈಲಿಗೆ ಹುಟ್ಟಿನಿಂದಲೇ ಬಂದಿದೆ.

ಹುಟ್ಟಿದ್ದಾದರೂ ಹೇಗೆ ಅಂತೀರಿ? ಅದರಲ್ಲಿ ನಮ್ಮ ಧಾರವಾಡದ ಕಡೆಯ ಎಳೆಯೂ ಒಂದು ಸೇರಿಕೊಂಡಿದೆ. 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾಗಿ ಅಲ್ಲಿಂದ ಹತ್ತಿ ಬರೋದು ನಿಂತಿತು. ಮ್ಯಾಂಚೆಸ್ಟರ್ ಕಡೆಯ ಗಿರಣಿಗಳು ಬಾಗಿಲು ಹಾಕೋ ಸ್ಥಿತಿ. ಅದೇ ಹೊತ್ತಿಗೆ ಇಲ್ಲಿ ಹುಬ್ಬಳ್ಳಿ-ಧಾರವಾಡದ ಎರೆಭೂಮಿಯ ಹತ್ತಿಗೆ ಎಂದೂ ಕಾಣದ ಬೆಲೆ ಬಂದು ರೈತರ ಕೈಯಲ್ಲಿ ದುಡ್ಡು ಓಡಾಡಿತು. ಅಲ್ಲಿ ಗಿರಣಿ ಮಾಲೀಕರು ಮಾತ್ರ ತಲೆ ಮೇಲೆ ಕೈ ಹೊತ್ತು ಕೂತರು. ಅವರಲ್ಲಿ ಮೆಕಾನಲ್ ಮನೆತನದವರೂ ಇನ್ನು ಕೆಲವರೂ ಸೇರಿ, ಹತ್ತಿ ಇಲ್ಲದಿದ್ದರೆ ಕಲ್ಲಾದರೂ ಸರಿ ಅಂತ ವೇಲ್ಸ್ ಬೆಟ್ಟಗಳಲ್ಲಿ ಬ್ರಿನ್ ಎಗ್ಲುವಿಸ್ ಅನ್ನೋ ಸ್ಲೇಟುಕಲ್ಲಿನ ಗಣಿಗೆ ಬಂಡವಾಳ ಹಾಕಿದರು. ಮನೆಗೆ ಹೊದಿಸೋ ಸ್ಲೇಟು ಹಲ್ಲೆಗಳನ್ನ ಸಮುದ್ರತೀರದ ಟವಿನ್ ಊರಿಗೆ ಇಳಿಸೋಕೆ ಏಳೂಕಾಲು ಮೈಲಿ ರೈಲುದಾರಿ ಹಾಕಿದರು. ಹಳಿಗಳ ನಡುವೆ ಅಗಲ 2 ಅಡಿ 3 ಅಂಗುಲ. ಇಂಜಿನ್ ಎರಡೇ: 1864ರ 'ಟ್ಯಾಲಿಲಿನ್', 1866ರ 'ಡಾಲ್ಗೋಕ್'. ಎರಡೂ ಇವತ್ತಿಗೂ ಅಲ್ಲೇ ಓಡ್ತಿವೆ ಅಂದರೆ ನಂಬ್ತೀರಾ?

ಆ ಕಾಲದ ಇನ್ನೊಂದು ಸೋಜಿಗ ಹೇಳಿ ಮುಂದಕ್ಕೆ ಹೋಗ್ತೀನಿ. ಪ್ರವಾಸಕ್ಕೆ ಬಂದವರಿಗೆ ಸ್ಲೇಟು ಸಾಗಿಸೋ ಖಾಲಿ ವ್ಯಾಗನ್ನನ್ನ ಬಾಡಿಗೆಗೆ ಕೊಡ್ತಿದ್ದರಂತೆ! ಬೆಳಿಗ್ಗೆ ಇಂಜಿನ್ ಹಿಂದೆ ಕಟ್ಟಿ ಮೇಲಕ್ಕೆ ಎಳೆದುಕೊಂಡು ಹೋಗೋದು, ಸಂಜೆ ಮನೆಮಂದಿಯೆಲ್ಲ ಅದರಲ್ಲಿ ಕೂತು, ಬ್ರೇಕ್ ತಾವೇ ಹಿಡಿದು, ಇಳಿಜಾರಿನಲ್ಲಿ ಜಾರಿಕೊಂಡು ಊರಿಗೆ ಬರೋದು. ಎಷ್ಟು ಚೆನ್ನಾಗಿರಬೇಕು! 1900ರ ನಂತರ ಒಂದು ಜೋಡಿಗೆ ದೊಡ್ಡ ಪೆಟ್ಟಾಗಿ ಅದನ್ನ ನಿಲ್ಲಿಸಿದರು. ನಿಲ್ಲಿಸಿದ್ದೇ ಒಳ್ಳೇದಾಯ್ತು, ಬಿಡಿ. ಆದರೂ ಒಂದು ಸಲ ಹಾಗೆ ಕೂತು ಬರೋ ಆಸೆ ಯಾರಿಗೆ ತಾನೇ ಆಗೋಲ್ಲ?

ಗಣಿಯನ್ನೂ ರೈಲನ್ನೂ 1911ರಲ್ಲಿ ಕೊಂಡವರು ಆ ಸೀಮೆಯ ಸಂಸದರಾಗಿದ್ದ ಸರ್ ಹೇಡನ್ ಜೋನ್ಸ್. ಲಾಭ ಅಂತ ಕಂಡದ್ದು ಕಡಿಮೆ. 1946ರ ಕೊನೆಗೆ ಗಣಿ ಕುಸಿಯಿತು, ಕೆಲಸ ನಿಂತಿತು. ಸ್ಲೇಟಿಲ್ಲದ ಮೇಲೆ ರೈಲು ಯಾಕೆ, ಅಲ್ವಾ? ಆದರೆ ಆ ಮುದುಕರು, ನಾನಿರೋವರೆಗೂ ಬೇಸಿಗೆಯಲ್ಲಿ ರೈಲು ಓಡುತ್ತೆ ಅಂತ ಮಾತು ಕೊಟ್ಟಿದ್ದರು. ಕೊಟ್ಟ ಮಾತಿಗೆ ತಪ್ಪಲಿಲ್ಲ. 1948ರಲ್ಲಿ ಬ್ರಿಟನ್ನಿನ ರೈಲುಗಳನ್ನೆಲ್ಲ ಸರ್ಕಾರ ವಹಿಸಿಕೊಂಡಾಗಲೂ ಈ ಪುಟ್ಟ ರೈಲು ಆ ಪಟ್ಟಿಗೆ ಸೇರಲಿಲ್ಲ. ಸೇರಿದ್ದರೆ ಅವತ್ತೇ ಹಳಿ ಕಿತ್ತು ಗುಜರಿಗೆ ಹಾಕ್ತಿದ್ದರೋ ಏನೋ. 1950ರ ಜುಲೈನಲ್ಲಿ ಸರ್ ಹೇಡನ್ ತೀರಿಕೊಂಡರು.

ಮುಂದಿನ ಕಥೆ ಕೇಳಿ. ಟಾಮ್ ರೋಲ್ಟ್ ಅಂತ ಒಬ್ಬ ಎಂಜಿನಿಯರು. ಬರಹಗಾರರೂ ಹೌದು. ಹಳೇ ಕಾಲುವೆಗಳಲ್ಲಿ ದೋಣಿಮನೆ ಕಟ್ಟಿಕೊಂಡು ಬಾಳಿದವರು, ಕಾಲುವೆಗಳನ್ನ ಮುಚ್ಚಬೇಡಿ ಅಂತ ಸಂಘ ಕಟ್ಟಿದವರು. ಅವರ ಕಣ್ಣು ಈ ರೈಲಿನ ಮೇಲೂ ಬಿತ್ತು. 1950ರ ಅಕ್ಟೋಬರ್ 11ರಂದು ಬರ್ಮಿಂಗ್‌ಹ್ಯಾಮ್‌ನ ಒಂದು ಹೋಟೆಲಿನಲ್ಲಿ ಸಭೆ ಸೇರಿಸಿದರು. ನಾವೇ ಯಾಕೆ ಓಡಿಸಬಾರದು ಅನ್ನೋದು ಅಲ್ಲಿ ಎದ್ದ ಮಾತು. ಹಾಗೆ ಒಪ್ಪಿದವರು ರೈಲ್ವೆಯವರಲ್ಲ ನೋಡಿ, ವಾರಪೂರ್ತಿ ತಮ್ಮ ತಮ್ಮ ಉದ್ಯೋಗ ಮಾಡ್ತಿದ್ದವರು. ಸರ್ ಹೇಡನ್ ಅವರ ಹೆಂಡತಿ ಒಪ್ಪಿಗೆ ಕೊಟ್ಟರು. 1951ರ ಮೇ 14ಕ್ಕೆ, ಹಾಗೆ ಸೇರಿದವರು ಕಟ್ಟಿದ ಸಂಘದ ಮೊದಲ ರೈಲು ಹೊರಟಿತು. ಜನ ತಾವೇ ಸೇರಿ, ಸಂಬಳವಿಲ್ಲದೆ, ಒಂದು ರೈಲುದಾರಿಯನ್ನ ಉಳಿಸಿಕೊಂಡದ್ದು ಪ್ರಪಂಚದಲ್ಲಿ ಅದೇ ಮೊದಲು.

ಉಳಿಸಿಕೊಂಡರು ಅಂತ ಒಂದೇ ಮಾತಿನಲ್ಲಿ ಅಂದುಬಿಟ್ಟೆ. ಆದರೆ ಅವರಿಗೆ ಸಿಕ್ಕಿದ್ದು ಎಂಥ ಸ್ಥಿತಿಯಲ್ಲಿ ಅಂತೀರಿ! ಸ್ಲೀಪರ್ ಕೊಳೆತು ಮಣ್ಣಾಗಿತ್ತು. ಹಳಿ ಮುಚ್ಚಿಕೊಂಡು ಹುಲ್ಲು ಬೆಳೆದಿತ್ತು. ಹಳಿಗಳನ್ನ ಜಾಗದಲ್ಲಿ ಹಿಡಿದಿಟ್ಟಿದ್ದೇ ಆ ಹುಲ್ಲು ಅಂತ ಹೇಳ್ತಾರೆ. ಕಳೆ ಕಿತ್ತರೆ ಹಳಿ ಜರುಗುತ್ತೆ, ಕೀಳದಿದ್ದರೆ ಚಕ್ರ ಜಾರುತ್ತೆ. ಇಂಜಿನ್‌ಗಳಲ್ಲಿ ಓಡೋ ಸ್ಥಿತಿಯಲ್ಲಿದ್ದದ್ದು ಡಾಲ್ಗೋಕ್ ಒಂದೇ. ಎಂಬತ್ತೈದು ವರ್ಷದ ಮುದಿ ಇಂಜಿನ್ನು ಪಾಪ, ಒಂದಿಡೀ ಬೇಸಿಗೆಯ ಜನರನ್ನ ಹೊತ್ತು ತಿರುಗಬೇಕು. ಅದು ಕೆಟ್ಟು ನಿಂತರೆ ರೈಲೂ ನಿಂತಿತು, ಸಂಘವೂ ನಿಂತಿತು.

ಇಲ್ಲೊಂದು ಅದೃಷ್ಟ ನೋಡಿ. ಬ್ರಿಟನ್ನಿನಲ್ಲಿ 2 ಅಡಿ 3 ಅಂಗುಲದ ಹಳಿ ಬಲು ಅಪರೂಪ. ಆದರೆ ಹತ್ತಿರದಲ್ಲೇ ಕೋರಿಸ್ ಅಂತ ಅದೇ ಅಳತೆಯ ಇನ್ನೊಂದು ರೈಲಿತ್ತು, 1948ರಲ್ಲಿ ಮುಚ್ಚಿಹೋಗಿತ್ತು. ಅದರ ಎರಡು ಇಂಜಿನ್‌ಗಳು ಮಾರಾಟಕ್ಕೆ ಕಾದಿದ್ದವು. ಒಂದೊಂದಕ್ಕೆ 25 ಪೌಂಡು ಕೊಟ್ಟು ತಂದರು. ಸೋಜಿಗ ಅಂದರೆ, ಕೋರಿಸ್‌ನಲ್ಲೇ ಅವುಗಳ ನಂಬರು 3 ಮತ್ತು 4 ಆಗಿತ್ತು. ಇಲ್ಲಿ 1 ಮತ್ತು 2 ಇದ್ದೇ ಇತ್ತಲ್ಲ! ನಂಬರ್ ಫಲಕ ಕೂಡ ಬದಲಾಯಿಸಬೇಕಾಗಲಿಲ್ಲ. ಮೂರಕ್ಕೆ 'ಸರ್ ಹೇಡನ್' ಅಂತಲೂ ನಾಲ್ಕಕ್ಕೆ ಹಳೇ ಮ್ಯಾನೇಜರ ಹೆಸರಲ್ಲಿ 'ಎಡ್ವರ್ಡ್ ಥಾಮಸ್' ಅಂತಲೂ ಹೆಸರಿಟ್ಟರು.

ಮೂರರ ಚಕ್ರದ ಅಂಚು ಕಿರಿದು. ಇಲ್ಲಿನ ಹಳಿಗಳೋ ಅಳತೆಗಿಂತ ತುಸು ಅಗಲವಾಗಿದ್ದವು. ಓಡಿಸಿದರೆ ಪದೇ ಪದೇ ನೆಲಕ್ಕಿಳಿದು ಕೂರ್ತಿತ್ತು. ಇಂಜಿನ್ ರಿಪೇರಿ ಆಗಿದ್ದರೆ ಸಾಲದು, ಹಳಿಯೂ ಆಗಬೇಕು ಅಂತಾಯ್ತು. ನಾಲ್ಕರ ಚಕ್ರ ಅಗಲ, ಆದರೆ ಒಳಗೆಲ್ಲ ಸವೆದಿತ್ತು. ಲೀಡ್ಸ್‌ನ ಹನ್ಸ್‌ಲೆಟ್ ಇಂಜಿನ್ ಕಂಪನಿಯ ಮುಖ್ಯಸ್ಥರು ಈ ಸಂಘದ ಸದಸ್ಯರೂ ಆಗಿದ್ದರು. ತಮ್ಮ ಕಾರ್ಖಾನೆಗೆ ಒಯ್ದು, ಕಾಸು ಕೇಳದೆ ರಿಪೇರಿ ಮಾಡಿಸಿ 1952ರಲ್ಲಿ ವಾಪಸ್ ಕಳಿಸಿದರು. ಇಂಥ ಕೈಗಳು ಒಂದೊಂದಾಗಿ ಸೇರಿದ್ದರಿಂದಲೇ ಆ ರೈಲು ಉಳಿಯಿತು ಅಂತ ನನ್ನ ಗಟ್ಟಿ ನಂಬಿಕೆ. ದುಡ್ಡಿನ ಗಂಟು ತಂದು ಸುರಿದವರು ಯಾರೂ ಇರಲಿಲ್ಲ.

ಹಳಿ ಅಂದಾಗ ನೆನಪಾಯ್ತು. ನಾವು ಚಿಕ್ಕವರಿದ್ದಾಗ ಬೇಸಿಗೆ ರಜಕ್ಕೆ ಬೀರೂರಿನಿಂದ ಶಿವಮೊಗ್ಗದ ಕಡೆ ಮೀಟರ್ ಗೇಜ್ ರೈಲಲ್ಲಿ ಹೋಗ್ತಿದ್ವಿ. ಮುಂದೆ ಕಲ್ಲಿದ್ದಲ ಇಂಜಿನ್ನು. ಕಿಟಕಿಯಾಚೆ ತಲೆ ಹಾಕಬೇಡ ಅಂತ ಅಮ್ಮ ಬಾಯಿ ನೋಯೋ ಹಾಗೆ ಹೇಳ್ತಿದ್ದರು, ನಾವು ಹಾಕಿಯೇ ಹಾಕ್ತಿದ್ವಿ. ಕಣ್ಣಿಗೆ ಕಿಡಿ ಬೀಳೋದು. ಅಮ್ಮ ಸೆರಗನ್ನ ಉಂಡೆ ಮಾಡಿ, ಬಾಯಿಂದ ಬಿಸಿ ಊದಿ ಕಣ್ಣಿಗೆ ಒತ್ತೋದು. ಅಷ್ಟರಲ್ಲಿ ತರೀಕೆರೆ ಬರೋದು. ಅಲ್ಲಿ ಎದುರು ಸೀಟಿನ ಹಿರಿಯರು ಯಾರಾದರೂ ಒಬ್ಬರು, ಇಲ್ಲಿಂದ ನರಸಿಂಹರಾಜಪುರಕ್ಕೆ ಒಂದು ಟ್ರಾಮ್ ರೈಲಿತ್ತು ಕಣಪ್ಪಾ, ಇಷ್ಟೇ ಅಗಲದ ಹಳಿ, ಕಾಡೊಳಗೆ ಹೋಗ್ತಿತ್ತು ಅಂತ ಕೈ ಅಗಲಿಸಿ ತೋರಿಸೋರು. ಎರಡಡಿ ಹಳಿಯ ಆ ರೈಲನ್ನ ನಾವು ಯಾರೂ ನೋಡಲಿಲ್ಲ. ಮಲೆನಾಡಿನ ಮಳೆಗೂ ಕಾಡಿಗೂ ಅದು ಸೇರಿಹೋಯ್ತು. ಅದನ್ನ ಹತ್ತಿದವರ ಬಾಯಿಂದ ಯಾರಾದರೂ ಎಲ್ಲಾದರೂ ಬರೆದಿಟ್ಟುಕೊಂಡಿದ್ದರೆ ಎಷ್ಟು ಚೆನ್ನಾಗಿತ್ತು, ಅಲ್ವಾ? ಇರಲಿ, ಮತ್ತೆ ವೇಲ್ಸ್‌ಗೆ ಬರ್ತೀನಿ.

ಟ್ಯಾಲಿಲಿನ್‌ಗೆ ಮೊದಮೊದಲು ದುಡಿಯೋಕೆ ಬಂದವರಲ್ಲಿ ಒಬ್ಬರು ಪಾದ್ರಿ, ರೆವರೆಂಡ್ ಆಡ್ರಿ. ಹೌದು, ನಮ್ಮ ಮಕ್ಕಳು ಟಿವಿಯಲ್ಲಿ ನೋಡೋ ಥಾಮಸ್ ಇಂಜಿನ್ ಕಥೆಗಳನ್ನ ಬರೆದರಲ್ಲ, ಅವರೇ. 1952ರಲ್ಲಿ ಬಂದು ಗಾರ್ಡ್ ಕೆಲಸ ಮಾಡಿದರು. ಒಂದು ದಿನ ಹಸಿರು ಬಾವುಟ ತೋರಿಸಿ ಸೀಟಿ ಊದಿ ರೈಲು ಬಿಟ್ಟೇಬಿಟ್ಟರು. ಆಮೇಲೆ ನೋಡಿದರೆ ತಿಂಡಿ-ಚಹಾ ಮಾರೋ ಹೆಂಗಸು ಸ್ಟೇಷನ್ನಿನಲ್ಲೇ ಉಳಿದಿದ್ದಾರೆ! ಆ ಪ್ರಸಂಗ ಅವರ ಮಕ್ಕಳ ಪುಸ್ತಕದಲ್ಲಿ ಕಥೆಯಾಗಿ ಬಂತು. 1955ರಲ್ಲಿ ಈ ರೈಲಿನ ನಾಲ್ಕು ಇಂಜಿನ್‌ಗಳನ್ನೇ ಬೇರೆ ಹೆಸರಿಟ್ಟು ಪಾತ್ರ ಮಾಡಿ ಒಂದು ಪುಸ್ತಕ ತಂದರು. ಪ್ರಪಂಚದ ಎಷ್ಟೋ ಮಕ್ಕಳಿಗೆ ಟ್ಯಾಲಿಲಿನ್ ಅನ್ನೋ ಹೆಸರೇ ಗೊತ್ತಿಲ್ಲ, ಆದರೆ ಅದರ ಇಂಜಿನ್‌ಗಳು ಗೊತ್ತು.

ಸ್ವಯಂಸೇವಕರು ಅಂದರೆ ಎಲ್ಲರೂ ಟೋಪಿ ಹಾಕ್ಕೊಂಡು ಇಂಜಿನ್ ಓಡಿಸ್ತಾರೆ ಅಂತ ಅಂದ್ಕೋಬೇಡಿ. ಓಡಿಸೋ ಆಸೆಯಿಂದಲೇ ಬಹಳ ಜನ ಬರೋದು, ನಿಜ. ಮೊದಲು ಕೈಗೆ ಬರೋದು ಎಣ್ಣೆಬಟ್ಟೆ. ಇಂಜಿನ್ ಒರೆಸಿ, ಬೂದಿ ತೆಗೆದು, ಎಣ್ಣೆ ಬಿಟ್ಟು ವರ್ಷಗಟ್ಟಲೆ ಪಳಗಬೇಕು. ಆಮೇಲೆ ಫೈರ್‌ಮನ್. ಅದಾಗಿ ಎಷ್ಟೋ ಕಾಲಕ್ಕೆ ಡ್ರೈವರ್. ಮಿಕ್ಕವರು ಹಳಿ ಪಕ್ಕದ ಪೊದೆ ಸವರೋದು, ಸ್ಲೀಪರ್ ಬದಲಾಯಿಸೋದು, ಚರಂಡಿ ಬಿಡಿಸೋದು, ಟಿಕೆಟ್ ಕೊಡೋದು, ಸಿಗ್ನಲ್ ನೋಡಿಕೊಳ್ಳೋದು, ಚಹಾ ಮಾಡೋದು. ವೇಲ್ಸ್‌ನ ಆ ಭಾಗದಲ್ಲಿ ಮಳೆ ನಮ್ಮ ಮಲೆನಾಡಿನವರಿಗೆ ಅರ್ಥವಾಗೋ ಥರದ್ದು. ನೆಂದು ತೊಪ್ಪೆಯಾಗಿ ಚರಂಡಿ ಬಿಡಿಸೋರ ಫೋಟೊ ಯಾರು ತೆಗೀತಾರೆ ಹೇಳಿ? ಆದರೆ ಚರಂಡಿ ಕಟ್ಟಿಕೊಂಡರೆ ಹಳಿ ಕುಸಿಯುತ್ತೆ, ಇಂಜಿನ್ ಎಷ್ಟು ಥಳಥಳ ಅಂದರೂ ಷೆಡ್ಡಿನಲ್ಲೇ ಇರಬೇಕು. ನನ್ನನ್ನ ಕೇಳಿದರೆ ಆ ರೈಲಿನ ನಿಜವಾದ ಯಜಮಾನರು ಗುದ್ದಲಿ ಹಿಡಿದೋರು.

ಹಳೇ ಗಾರ್ಡ್ ಡಬ್ಬಿಯದ್ದೂ ಒಂದು ವಿಶೇಷ ಇದೆ. ಅದರ ಪಕ್ಕದಲ್ಲೇ ಟಿಕೆಟ್ ಕೊಡೋ ಪುಟ್ಟ ಕಿಟಕಿ! ನಡುವಿನ ಸ್ಟೇಷನ್‌ಗಳಲ್ಲಿ ಸಿಬ್ಬಂದಿ ಇರಲಿಲ್ಲ. ರೈಲು ಬಂದು ನಿಂತರೆ ಟಿಕೆಟ್ ಆಫೀಸೂ ಅದರ ಜೊತೆಗೇ ಬಂತು ಅಂತ ಲೆಕ್ಕ.

ಬೆಳಗಿನ ಕೆಲಸ ನೋಡಬೇಕು. ಮೊದಲ ರೈಲಿಗೆ ಗಂಟೆಗಟ್ಟಲೆ ಮುಂಚೆ ಷೆಡ್ಡಿಗೆ ಬಂದು ಬೆಂಕಿ ಹಾಕಬೇಕು. ದೀಪಾವಳಿಯ ನಸುಕಿನಲ್ಲಿ ಅಜ್ಜಿ ಬಚ್ಚಲ ಹಂಡೆಗೆ ಉರಿ ಹಾಕೋ ಹಾಗೇ ಇದೂ. ಅವಸರ ಮಾಡಿದರೆ ಆಗೋದಿಲ್ಲ. ತಣ್ಣಗಿರೋ ಬಾಯ್ಲರ್‌ಗೆ ಏಕಾಏಕಿ ಉರಿ ಹಾಕಿದರೆ ಒಳಗಿನ ಕಬ್ಬಿಣ ಒಂದು ಕಡೆ ಹಿಗ್ಗಿ ಇನ್ನೊಂದು ಕಡೆ ಹಿಗ್ಗದೆ ಸೀಳು ಬಿಡುತ್ತೆ. ಮೊದಲು ಕಟ್ಟಿಗೆ, ಆಮೇಲೆ ಸ್ವಲ್ಪ ಸ್ವಲ್ಪವಾಗಿ ಕಲ್ಲಿದ್ದಲು. ನೀರಿನ ಮಟ್ಟದ ಗಾಜಿನ ಮೇಲೆ ಸದಾ ಕಣ್ಣು. ಒತ್ತಡ ಮುಳ್ಳು ಏರೋವರೆಗೆ ಎಣ್ಣೆ ಬಿಡೋದು, ಒರೆಸೋದು, ಬೋಲ್ಟು ತಟ್ಟಿ ನೋಡೋದು. ದಾರಿಯಲ್ಲಿ ಡಾಲ್ಗೋಕ್ ಅನ್ನೋ ಸ್ಟೇಷನ್ನಿನಲ್ಲಿ ನಿಂತು ಇಂಜಿನ್ ನೀರು ಕುಡಿಯುತ್ತೆ. ಅಲ್ಲೇ ಕಣಿವೆ ಮೇಲೆ 51 ಅಡಿ ಎತ್ತರದ ಇಟ್ಟಿಗೆ ಕಮಾನಿನ ಸೇತುವೆ, ಪಕ್ಕದಲ್ಲಿ ಜಲಪಾತ. ಸುಮಾರು ಹತ್ತು ವರ್ಷಕ್ಕೊಮ್ಮೆ ಇಂಜಿನ್ ಪೂರ್ತಿ ಬಿಚ್ಚಿ, ಬಾಯ್ಲರ್ ಹೊರಗೆ ತೆಗೆದು ಪರೀಕ್ಷೆ ಮಾಡಿಸಬೇಕು. ಇದನ್ನೆಲ್ಲ ಪುಸ್ತಕ ಓದಿ ಕಲಿಯೋಕಾಗೋಲ್ಲ. ಪಕ್ಕದಲ್ಲಿ ನಿಂತು, ಗೊತ್ತಿರೋರ ಕೈ ನೋಡಿ ಕಲೀಬೇಕು.

ಉಳಿಸಿಕೊಂಡದ್ದು ಸಾಲದು ಅಂತ ಬೆಳೆಸಿದರು ಕೂಡ. ಹಿಂದೆ ಜನರ ರೈಲು ಅಬರ್ಗನೋಲ್ವಿನ್‌ವರೆಗೆ ಮಾತ್ರ ಹೋಗ್ತಿತ್ತು, ಅದರಾಚೆ ಸ್ಲೇಟು ವ್ಯಾಗನ್ನುಗಳ ದಾರಿ. ಅಲ್ಲಿ ಬಂಡೆ ಕೊರೆದು, ಹಳಿ ಹಾಕಿ, 1976ರ ಮೇ 22ಕ್ಕೆ ನಾಂಟ್ ಗ್ವೆರ್ನಾಲ್‌ವರೆಗೂ ಜನರನ್ನ ಕರೆದೊಯ್ದರು. ವಾರದ ರಜೆಯಲ್ಲಿ ಬಂದು ಹೋಗೋ ಮಂದಿ ರೈಲುದಾರಿ ಕಟ್ಟಿದರು ಅಂದರೆ ಸಾಮಾನ್ಯವೇ?

ಟವಿನ್ ಸ್ಟೇಷನ್ನಿನಲ್ಲೇ ಅವರ ಮ್ಯೂಸಿಯಂ ಇದೆ. 1950ರ ದಶಕದಲ್ಲೇ ಸಾಮಾನು ಕೂಡಿಸೋಕೆ ಶುರು ಮಾಡಿದರು. ಈಗಿನ ಕಟ್ಟಡ 2005ರದ್ದು. ಅಲ್ಲಿ ಬ್ರಿಟನ್ ಐರ್ಲೆಂಡ್‌ಗಳ ಬೇರೆ ಬೇರೆ ಚಿಕ್ಕ ರೈಲುಗಳ ಇಂಜಿನ್‌ಗಳಿವೆ. ಡಬ್ಲಿನ್ನಿನ ಗಿನ್ನೆಸ್ ಬಿಯರ್ ಕಾರ್ಖಾನೆಯದ್ದೊಂದು ಇದೆ ನೋಡಿ, ಅದು ನನಗೆ ಎಲ್ಲಕ್ಕಿಂತ ಇಷ್ಟ. ಕಾರ್ಖಾನೆ ಅಂಗಳದ ಕೊಳಕು ಯಂತ್ರಕ್ಕೆ ಮೆತ್ತದಿರಲಿ ಅಂತ ಸಿಲಿಂಡರುಗಳನ್ನ ಬಾಯ್ಲರಿನ ನೆತ್ತಿ ಮೇಲೆ ಕೂರಿಸಿದ್ದಾರೆ! ದೊಡ್ಡ ಹಳಿ ಮೇಲೆ ಕೆಲಸ ಬಿದ್ದರೆ ಇಡೀ ಇಂಜಿನ್ನನ್ನೇ ಎತ್ತಿ ಒಂದು ದೊಡ್ಡ ಬಂಡಿಯೊಳಗೆ ಇಳಿಸೋದು. ಇಂಜಿನ್ನಿನ ಚಕ್ರ ತಿರುಗಿದರೆ ಬಂಡಿಯ ಚಕ್ರವೂ ತಿರುಗಿ ಮುಂದಕ್ಕೆ ಹೋಗೋದು. ಎಂಥ ತಲೆ! ಇನ್ನೊಂದು 1877ರದ್ದು, 'ಜಾರ್ಜ್ ಹೆನ್ರಿ'. ಸ್ಲೇಟು ಗಣಿಯಲ್ಲಿ ದುಡಿದದ್ದು, ಬಾಯ್ಲರ್ ನೆಟ್ಟಗೆ ನಿಂತಿದೆ. 'ಡಾಟ್' ಅನ್ನೋದು ಇಂಜಿನ್ ಕಾರ್ಖಾನೆಯೊಳಗೇ ಸಾಮಾನು ಸಾಗಿಸ್ತಿದ್ದ ಪುಟಾಣಿ, 18 ಅಂಗುಲದ ಹಳಿಯದ್ದು. ಆಡ್ರಿಯವರು ಕೂತು ಬರೀತಿದ್ದ ಕೋಣೆಯನ್ನೂ ಅವರ ಮೇಜು ಪುಸ್ತಕ ಸಮೇತ ಅಲ್ಲಿ ಜೋಡಿಸಿಟ್ಟಿದ್ದಾರೆ.

ಮ್ಯೂಸಿಯಂ ಇಂಜಿನ್ನು ಓಡೋದಿಲ್ಲ, ಹೊರಗಿನದು ಓಡುತ್ತೆ. ಯಾವುದು ಸರಿ ಅಂತ ಹಳೇ ರೈಲು ಉಳಿಸೋ ಮಂದಿ ನಡುವೆ ವಾದ ಇದ್ದದ್ದೇ. ಓಡಿಸಿದರೆ ಸವೆಯುತ್ತೆ, ಬಿಡಿಭಾಗ ಬದಲಾಯಿಸಬೇಕು. ಬದಲಾಯಿಸುತ್ತ ಹೋದರೆ ಹಳೇದು ಅಂತ ಉಳಿಯೋದೇನು? ಓಡಿಸದಿದ್ದರೆ ಲೋಹ ಉಳಿಯುತ್ತೆ, ಆದರೆ ಓಡಿಸೋ ವಿದ್ಯೆ ಒಂದು ತಲೆಮಾರಿಗೆ ಮುಗಿಯಿತು. ಅದಕ್ಕೇ ನನಗೆ ಟವಿನ್‌ನವರ ಏರ್ಪಾಡು ಸರಿ ಅನ್ನಿಸುತ್ತೆ. ಅಪರೂಪದ ಇಂಜಿನ್‌ಗಳು ಒಳಗೆ, ಮುಟ್ಟದೆ. ಡಾಲ್ಗೋಕ್ ಹೊರಗೆ, ಮಳೆಯಲ್ಲಿ, ಕೆಲಸದಲ್ಲಿ. ಡಾಲ್ಗೋಕ್‌ನ ಎಷ್ಟೋ ಭಾಗ ಹೊಸದಾಗಿರಬಹುದು. ಆದರೆ ಅದಕ್ಕೆ ಉರಿ ಹಾಕೋ ಹುಡುಗಿ, ಅವಳಿಗೆ ಕಲಿಸಿದ ಮುದುಕ, ಅವನಿಗೆ ಕಲಿಸಿದವ ಅಂತ ಹಿಂದಕ್ಕೆ ಹೋದರೆ ಕೈಯಿಂದ ಕೈಗೆ ಬಂದ ವಿದ್ಯೆ ಎಲ್ಲೂ ತುಂಡಾಗಿಲ್ಲ.

ಕಷ್ಟ ಮುಗಿದಿದೆ ಅಂತಲ್ಲ. ವೇಲ್ಸ್ ಅಂದರೇ ಕಲ್ಲಿದ್ದಲು ಅನ್ನೋ ಕಾಲ ಇತ್ತು. ಅಲ್ಲಿ ಇಂಥ ರೈಲುಗಳಿಗೆ ಉಗಿ ಕಲ್ಲಿದ್ದಲು ಒದಗಿಸ್ತಿದ್ದ ಫೋಸ್-ಇ-ವ್ರಾನ್ ಗಣಿ 2023ರ ನವೆಂಬರಿನಲ್ಲಿ ಮುಚ್ಚಿತು. ಹೊರದೇಶದಿಂದ ತರಿಸಬೇಕು, ಬೆಲೆ ಜಾಸ್ತಿ. ಕೆಲವು ರೈಲಿನವರು ಸಸ್ಯದ ಪುಡಿ ಬೆರೆಸಿ ಮಾಡಿದ ಇದ್ದಲುಂಡೆಗಳನ್ನ ಹಾಕಿ ನೋಡ್ತಿದ್ದಾರೆ. ಬೂದಿ ಎಷ್ಟು, ಉರಿ ಹೇಗೆ, ಹೊಗೆಯ ವಾಸನೆ ಏನು ಅಂತ ತಾವೇ ಲೆಕ್ಕ ಹಾಕಬೇಕು. ಸುದ್ದಿ ಸಂತೋಷದ್ದೂ ಇದೆ. 2021ರಲ್ಲಿ ಯುನೆಸ್ಕೊದವರು ವಾಯವ್ಯ ವೇಲ್ಸ್‌ನ ಸ್ಲೇಟು ಸೀಮೆಯನ್ನ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದಾಗ ಬ್ರಿನ್ ಎಗ್ಲುವಿಸ್ ಗಣಿ ಮತ್ತು ಈ ರೈಲೂ ಅದರೊಳಗೆ ಬಂದವು. ಟವಿನ್‌ನಲ್ಲಿ 1984ರಲ್ಲಿ ಶುರುವಾದ ಓಟದ ಪಂದ್ಯವೂ ಇದೆ. ಜನ ಹೊಲ ಗದ್ದೆ ಹಾರಿಕೊಂಡು ರೈಲಿನ ಜೊತೆ ಓಡ್ತಾರೆ. ರೈಲನ್ನ ಹಿಂದೆ ಹಾಕೋರೂ ಇದ್ದಾರೆ ಮಾರಾಯ್ರೇ! ಆ ವೇಗದ ರೈಲು ಅದು. ಅವಸರ ಇರೋರು ಹತ್ತೋದಲ್ಲ.

ನಮ್ಮಲ್ಲಿ ಮೈಸೂರಿನ ರೈಲು ಮ್ಯೂಸಿಯಂ 1979ರಿಂದ ಇದೆ, ಹುಬ್ಬಳ್ಳಿಯಲ್ಲಿ 2020ರಲ್ಲಿ ಒಂದು ಆಯ್ತು. ಇಂಜಿನ್‌ಗಳನ್ನ ಅವರು ಇಟ್ಟುಕೊಂಡಿದ್ದಾರೆ, ಒಳ್ಳೇದು. ಆದರೆ ಉರಿ ಹಾಕಿದವರು? ಮೀಟರ್ ಗೇಜ್ ಕಾಲದಲ್ಲಿ ಫೈರ್‌ಮನ್ ಆಗಿದ್ದವರು, ಷೆಡ್ಡಿನಲ್ಲಿ ಬಾಯ್ಲರ್ ತೊಳೆದವರು, ಹಳಿ ಮೇಲೆ ಸುತ್ತಿಗೆ ಹಿಡಿದು ನಡೆದ ಗ್ಯಾಂಗ್‌ಮನ್‌ಗಳು ಅರಸೀಕೆರೆ, ಹುಬ್ಬಳ್ಳಿ, ಮೈಸೂರಿನ ಬೀದಿಗಳಲ್ಲಿ ಇನ್ನೂ ಕೆಲವರು ಇದ್ದಾರೆ, ವಯಸ್ಸಾಗಿದೆ. ನಿಮ್ಮ ಮನೇಲಿ ಅಥವಾ ಬೀದೀಲಿ ಅಂಥವರು ಒಬ್ಬರಿದ್ದರೂ ಈ ಭಾನುವಾರ ಅವರ ಜೊತೆ ಕೂತು ಕೇಳಿ: ಬೆಳಿಗ್ಗೆ ಎಷ್ಟು ಹೊತ್ತಿಗೆ ಉರಿ ಹಾಕ್ತಿದ್ದಿರಿ, ಏರಿನಲ್ಲಿ ಕಲ್ಲಿದ್ದಲು ಹೇಗೆ ಹರಡ್ತಿದ್ದಿರಿ, ಇಂಜಿನ್ ಹಟ ಮಾಡಿದರೆ ಏನು ಮಾಡ್ತಿದ್ದಿರಿ ಅಂತ. ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ, ಹಳೇ ಫೋಟೊ ಇದ್ದರೆ ಹಿಂದುಗಡೆ ಹೆಸರು, ಊರು, ವರ್ಷ ಬರೆಸಿಕೊಳ್ಳಿ, ಒಂದು ಪ್ರತಿಯನ್ನ ಆ ಮ್ಯೂಸಿಯಂಗಳಿಗೆ ಕೊಟ್ಟು ಬನ್ನಿ.